ಮಾಲೂರಿನ ಒಂದು ಎಕರೆಗೆ ಟೊಮೆಟೊ ಹಾಕಬಹುದೇ, ಹಾಕಿದರೆ ಎಲ್ಲಿ ಮಾರುವುದು?

ಮಾಲೂರಿನ ಹತ್ತಿರ ಬೋರ್‌ವೆಲ್ ಇರೋ ಒಂದು ಎಕರೆ ಇದೆ, ಈಗ ಬೆಲೆ ಚೆನ್ನಾಗಿದೆ, ಟೊಮೆಟೊ ಹಾಕಲೇ ಅಂತ ಕೇಳಿದ್ದೀರಿ. ನಾನು ಮುಳಬಾಗಿಲು ಕಡೆಯವನು, ನಮ್ಮ ತೋಟದಲ್ಲಿ ವರ್ಷಕ್ಕೊಂದು ಬೆಳೆಯಾದರೂ ಟೊಮೆಟೊ ಇದ್ದೇ ಇರುತ್ತೆ. ಹಾಕಿ. ಆದರೆ ಇವತ್ತಿನ ಬೆಲೆ ನೋಡಿ ಮಾತ್ರ ಹಾಕಬೇಡಿ.

ಇವತ್ತು ನಾಟಿ ಮಾಡಿದ ನಾರು, ಅಂದ್ರೆ ಸಸಿ, ಮೊದಲ ಕೊಯ್ಲಿಗೆ ಬರೋಕೆ 65–70 ದಿನ ಬೇಕು. ಆಮೇಲೂ ಒಂದೂವರೆ ಎರಡು ತಿಂಗಳು ಹಣ್ಣು ಬರ್ತಾ ಇರುತ್ತೆ. ಅಷ್ಟು ಹೊತ್ತಿಗೆ ಈಗಿನ ಬೆಲೆ ಎಲ್ಲಿರುತ್ತೋ! 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಕಂಡವರೆಲ್ಲ ನಾಟಿಗೆ ಓಡಿದರು, ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಅದಕ್ಕೇ ನಾನು ಮಂಡಿಗಿಂತ ಮೊದಲು ನರ್ಸರಿಗೆ ಹೋಗ್ತೀನಿ. ನಾರು ಬೇಕಂದ್ರೆ ತಿಂಗಳು ಕಾಯಬೇಕು, ಎಲ್ಲಾ ಬುಕ್ ಆಗಿದೆ ಅಂದ್ರೆ ಎರಡು ತಿಂಗಳ ನಂತರ ಮಾರುಕಟ್ಟೆ ತುಂಬಿ ತುಳುಕುತ್ತೆ ಅಂತಲೇ ಲೆಕ್ಕ. ಕೊಳ್ಳೋರಿಲ್ಲದೆ ಟ್ರೇಯಲ್ಲೇ ನಾರು ಉದ್ದ ಆಗ್ತಿದ್ದರೆ ಅದು ನಾಟಿ ಮಾಡೋ ಕಾಲ. ನಾಲ್ಕಾರು ನರ್ಸರಿಗಳಲ್ಲಿ ವಿಚಾರಿಸಿ, ಒಂದರ ಮಾತು ಸಾಲದು.

ನನ್ನ ಮಟ್ಟಿಗೆ ಫೆಬ್ರವರಿ, ಮಾರ್ಚ್ ನಾಟಿ ಬೇರೆಲ್ಲಕ್ಕಿಂತ ಮೇಲು. ಫಸಲು ಏಪ್ರಿಲ್, ಮೇಯಿಂದ ಜುಲೈವರೆಗೆ ಸಿಗುತ್ತೆ. ನಾಸಿಕ್ ಕಡೆಯ ಮಳೆಗಾಲದ ಬೆಳೆ ಆಗಿನ್ನೂ ಬಂದಿರಲ್ಲ, ಉತ್ತರದ ವ್ಯಾಪಾರಿಗಳು ಕೋಲಾರದ ಕಡೆಗೂ ಬರ್ತಾರೆ. ಆ ಕಾಲದ ಬೆಳೆಗೆ ಅಪಾಯವೂ ಇದೆ: ಬಿಸಿಲಿಗೆ ಹೂ ಉದುರುತ್ತೆ, ಬಿಳಿ ನೊಣ ಹೆಚ್ಚಾಗಿ ಎಲೆ ಮುದುಡೋ ವೈರಸ್ ಹರಡುತ್ತೆ. ನಿಮ್ಮ ಬೋರ್‌ವೆಲ್ ಏಪ್ರಿಲ್, ಮೇನಲ್ಲೂ ಕೈ ಕೊಡಲ್ಲ ಅನ್ನೋದು ಖಾತ್ರಿ ಇದ್ದರೆ ಮಾತ್ರ ಈ ನಾಟಿಗೆ ಇಳಿಯಿರಿ.

ತಳಿ ಆರಿಸುವಾಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬಗ್ಗೆ ಕೇಳಿ. ಎಲೆ ಮುದುಡು ವೈರಸ್, ಸೊರಗು ರೋಗ, ಎಲೆ ಅಂಗಮಾರಿ, ಮೂರಕ್ಕೂ ತಡೆ ಇರೋ ಹೈಬ್ರಿಡ್ ಅದು. ಕಂಪನಿ ಹೈಬ್ರಿಡ್‌ಗಳೂ ಬೇಕಾದಷ್ಟಿವೆ. ಯಾವುದೇ ಹಾಕಿ, ಕಾಯಿ ಗಟ್ಟಿ ಇರಬೇಕು, ಸಿಪ್ಪೆ ದಪ್ಪ ಇರಬೇಕು, ಲಾರಿಯಲ್ಲಿ ಎರಡು ಮೂರು ದಿನ ತಡೆಯಬೇಕು. ಹಿಂದಿನ ಬೆಳೆ ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಆಗಿದ್ದರೆ ಆ ಜಾಗ ಬಿಟ್ಟುಬಿಡಿ, ಅವೂ ಟೊಮೆಟೊ ಕುಟುಂಬದ ಗಿಡಗಳೇ, ಒಂದರ ರೋಗ ಇನ್ನೊಂದಕ್ಕೆ ಮಣ್ಣಲ್ಲೇ ಕಾದಿರುತ್ತೆ. ಎಲೆ, ಕಾಯಿ ಕೊರೆಯೋ ಟೂಟಾ ಹುಳುವಿಗೆ, ಅದರ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯೋ ಮೋಹಕ ಬಲೆಗಳನ್ನು ನಾಟಿ ಮಾಡಿದ ವಾರದಲ್ಲೇ ಕಟ್ಟಿ.

ಇನ್ನು ದುಡ್ಡಿನ ವಿಷಯ. ನಾರು, ಸಾಲಿನ ಮೇಲೆ ಹೊದಿಸೋ ಪ್ಲಾಸ್ಟಿಕ್ ಹಾಳೆ (ಮಲ್ಚಿಂಗ್ ಪೇಪರ್), ಡ್ರಿಪ್, ನೀಲಗಿರಿ ಕೋಲು, ದಾರ, ಗೊಬ್ಬರ, ಔಷಧಿ, ಕೂಲಿ ಎಲ್ಲ ಸೇರಿ ಎಕರೆಗೆ 2,40,000 ರೂಪಾಯಿ ಖರ್ಚಾಯ್ತು, 1,500 ಬಾಕ್ಸ್ ಬಂತು ಅಂದುಕೊಳ್ಳಿ. ಬಾಕ್ಸಿಗೆ ಅಸಲೇ 160 ರೂಪಾಯಿ. ಅದರ ಮೇಲೆ ಕೊಯ್ಲಿನ ಕೂಲಿ, ಗಾಡಿ ಬಾಡಿಗೆ, ಹಮಾಲಿ. ಈ ಲೆಕ್ಕವನ್ನು ನಿಮ್ಮೂರಿನ ದರದಲ್ಲಿ ನಾಟಿಗೆ ಮೊದಲೇ ಬರೆದಿಡಿ.

ನಿಮಗೆ ಹತ್ತಿರದ ದೊಡ್ಡ ಮಾರುಕಟ್ಟೆ ಕೋಲಾರ ಎಪಿಎಂಸಿ. ನಮ್ಮ ಕಡೆಯವರು ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಗೂ, ಗಡಿಯಾಚೆ ಆಂಧ್ರದ ಮದನಪಲ್ಲಿಗೂ ಹಾಕ್ತಾರೆ. ದೂರದೂರಿಗೆ ಹೋಗೋ ಹಣ್ಣನ್ನು ಬಣ್ಣ ತಿರುಗಿದ ತಕ್ಷಣ ಕೀಳಬೇಕು. ಪೂರ್ತಿ ಕೆಂಪಾದದ್ದನ್ನು ಬೆಂಗಳೂರಿನ ಅಂಗಡಿಗಳಿಗೆ ಬೇರೆಯಾಗಿ ಕಳಿಸಿ. ಮೇಲೆ ದಪ್ಪ ಕಾಯಿ, ಕೆಳಗೆ ಗೋಲಿ ಕಾಯಿ ತುಂಬಿದ ಬಾಕ್ಸನ್ನು ಹರಾಜಿನಲ್ಲಿ ಸುರಿದು ನೋಡ್ತಾರೆ, ಅವತ್ತಿಂದ ನಿಮ್ಮ ಎಲ್ಲಾ ಬಾಕ್ಸಿಗೂ ಬೆಲೆ ಇಳಿಯುತ್ತೆ. ಒಂದೇ ಅಳತೆಯ ಕಾಯಿ ತುಂಬಿದ್ದಕ್ಕೆ, ಮಾರುಕಟ್ಟೆ ಬಿದ್ದಿರುವಾಗಲೂ ನಮಗೆ ಪಕ್ಕದವರಿಗಿಂತ ಒಳ್ಳೆ ಕೂಗು ಸಿಕ್ಕಿದೆ. ಮುಂಗಡ ದುಡ್ಡು ಕೊಡ್ತೀವಿ ಅನ್ನೋ ಮಂಡಿ ಇದ್ದರೆ ಯೋಚಿಸಿ ಒಪ್ಪಿಕೊಳ್ಳಿ, ಸಾಲ ತಗೊಂಡಮೇಲೆ ಬೇರೆ ಕಡೆ ಹಣ್ಣು ಹಾಕೋ ಸ್ವಾತಂತ್ರ್ಯ ಇರಲ್ಲ.

ಮೊದಲ ವರ್ಷ ಅರ್ಧ ಎಕರೆ ಸಾಕು ಅಂತ ನನ್ನ ಅಭಿಪ್ರಾಯ. ಗಿಡ ಮುಗಿದಮೇಲೆ ಕೋಲು ಕೀಳಬೇಡಿ. ಅದೇ ಕೋಲು, ಅದೇ ಪೇಪರ್, ಅದೇ ಡ್ರಿಪ್ ಮೇಲೆ ಹೀರೆಯನ್ನೋ ಬಳ್ಳಿ ಬೀನ್ಸನ್ನೋ ಹಬ್ಬಿಸಿ. ಟೊಮೆಟೊಗೆ ಹಾಕಿದ ಖರ್ಚಿನ ಒಂದು ಪಾಲು ಅದರಲ್ಲಿ ವಾಪಸ್ ಬರುತ್ತೆ.