ಮೊಡವೆ ಹೋದ್ಮೇಲೆ ಉಳಿಯೋ ಕಲೆ, ಗುಂಡಿಗೆ ಯಾವ ಟ್ರೀಟ್‌ಮೆಂಟ್ ಒಳ್ಳೇದು?

ಮೊದ್ಲು ಲೈಟು ಪಕ್ಕದಿಂದ ಬೀಳೋ ಹಾಗೆ ಕನ್ನಡಿ ಮುಂದೆ ನಿಂತು ನೋಡ್ಕೊಳ್ಳಿ, ಚರ್ಮ ಸಮ ಇದ್ದು ಬಣ್ಣ ಮಾತ್ರ ಕಪ್ಪಾಗಿದ್ರೆ ಅದು ಬರೀ ಕಲೆ, ನೆರಳು ಬಿದ್ದು ತಗ್ಗು ಕಂಡ್ರೆ ಗುಂಡಿ. ಕಲೆಗೆ ದಿನಾ ಸನ್‌ಸ್ಕ್ರೀನ್, ರಾತ್ರಿ ಅಜೆಲಾಯಿಕ್ ಆ್ಯಸಿಡ್ ಅಥವಾ ಅಡಾಪಲೀನ್ ಕ್ರೀಮ್ (ಗರ್ಭಿಣಿಯರಿಗೆ ಅಡಾಪಲೀನ್ ಬೇಡ), ತಿಂಗಳುಗಟ್ಟಲೆ ಬಿಡದೆ ಹಚ್ಬೇಕು ಅಷ್ಟೆ.

ಗುಂಡಿ ಬರೀ ಕ್ರೀಮಿಂದ ತುಂಬಲ್ಲ. ಸೂಜಿ ಚುಚ್ಚಿದಂಗೆ ಸಣ್ಣಗೆ ಆಳವಾಗಿದ್ರೆ ಟಿಸಿಎ ಕ್ರಾಸ್, ಅಂದ್ರೆ ಗುಂಡಿಯೊಳಗೆ ಮಾತ್ರ ಕಡ್ಡಿ ತುದಿಯಿಂದ ಸ್ಟ್ರಾಂಗ್ ಆ್ಯಸಿಡ್ ಮುಟ್ಟಿಸ್ತಾರೆ, ಆ ಜಾಗ ತಕ್ಷಣ ಬೆಳ್ಳಗಾಗಿ ಆಮೇಲೆ ಹೆಕ್ಕಳೆ ಕಟ್ಟಿ ಉದುರುತ್ತೆ. ಅಗಲವಾಗಿ ಅಲೆ ಅಲೆಯಾಗಿದ್ರೆ ಸಬ್‌ಸಿಷನ್, ಚರ್ಮನ ಒಳಗಿಂದ ಎಳೆದು ಹಿಡಿದಿರೋ ನಾರನ್ನ ಸೂಜಿಯಿಂದ ಬಿಡಿಸ್ತಾರೆ. ಉಳಿದಿದ್ದಕ್ಕೆ ಮೈಕ್ರೋನೀಡ್ಲಿಂಗ್ (ಸಣ್ಣ ಸಣ್ಣ ಸೂಜಿಯಿಂದ ಚರ್ಮ ಚುಚ್ಚೋದು) ಇಲ್ಲಾ ಫ್ರ್ಯಾಕ್ಷನಲ್ ಲೇಸರ್ (ಚರ್ಮದ ಮೇಲೆ ಚುಕ್ಕಿ ಚುಕ್ಕಿಯಾಗಿ ಲೇಸರ್ ಬಿಡೋದು), 4-6 ವಾರದ ಗ್ಯಾಪಲ್ಲಿ ಹಲವು ಸಿಟಿಂಗ್ ಬೇಕು. ನಮ್ಮ ಬಣ್ಣದ ಚರ್ಮ ಲೇಸರ್ ಆದ್ಮೇಲೆ ಕಪ್ಪಾಗೋ ಚಾನ್ಸ್ ಜಾಸ್ತಿ, ಹಾಗಾಗಿ ನಾನಾದ್ರೆ ಮೈಕ್ರೋನೀಡ್ಲಿಂಗೇ ಮೊದ್ಲು ಕೇಳ್ತೀನಿ.

ಹೊಸ ಮೊಡವೆ ಇನ್ನೂ ಬರ್ತಿದ್ರೆ ಅದಕ್ಕೆ ಮೊದ್ಲು ಸ್ಕಿನ್ ಡಾಕ್ಟರ್ ಹತ್ರ ಟ್ರೀಟ್‌ಮೆಂಟ್ ತಗೊಳ್ಳಿ. ಮೆಡಿಕಲ್ ಶಾಪಲ್ಲಿ ಕೇಳಿ ತರೋ ಸ್ಟೀರಾಯ್ಡ್ ಮಿಕ್ಸ್ ಕ್ರೀಮ್ ದಯವಿಟ್ಟು ಹಚ್ಬೇಡಿ, ಚರ್ಮ ತೆಳುವಾಗಿ ಮೊಡವೆ ಇನ್ನೂ ಕೆರಳುತ್ತೆ.