ಬಳಿದಿದ್ದು ಸಾಕು, ಸ್ವಲ್ಪ ಒರೆಸಿ ನೋಡಿ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಮದುವೆ ಮನೆಯವೇ. ನಂಗೇನೂ ಆಶ್ಚರ್ಯ ಆಗ್ಲಿಲ್ಲ. ಬೆಳಗಿನ ಜಾವ ಎದ್ದು, ಛತ್ರದ ರೂಮಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಕೆಳಗೆ, ಒಂದೇ ಕನ್ನಡಿ ಮುಂದೆ ಆರು ಜನ ನಿಂತ್ಕೊಂಡು ಮೇಕಪ್ ಮಾಡ್ಕೊಂಡ್ರೆ ತಪ್ಪಾಗದೆ ಇನ್ನೇನಾಗತ್ತೆ ಹೇಳಿ. ಸರಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ತಂಗಿ ಮದುವೆಗೆ ನಾನೇ ಮೇಕಪ್ ಮಾಡ್ಕೊಂಡೆ. ಕನ್ನಡಿಯಲ್ಲಿ ಚೆನ್ನಾಗೇ ಕಾಣ್ತಿತ್ತು. ಫೋಟೊ ಬಂದ್ಮೇಲೆ ನೋಡಿದ್ರೆ ಮುಖಕ್ಕೆ ಬೂದಿ ಬಳಿದ ಹಾಗಿದೆ, ಕತ್ತು ಬೇರೆ ಯಾರದ್ದೋ ತರ ಇದೆ. ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ, ಏನ್ಮಾಡ್ಲಿ? (ಓದುಗಿ, ತಿಪಟೂರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದ್ರೆ ಒಂದಾಗ್ಬಿಟ್ಟಿವೆ. ಒಂದು ಶೇಡ್‌ದು, ಇನ್ನೊಂದು ಫ್ಲ್ಯಾಶ್‌ದು.

ಮೊದ್ಲು ಶೇಡ್. ಅಂಗಡಿಯವ್ರು ಫೌಂಡೇಶನ್‌ನ ನಿಮ್ಮ ಮುಂಗೈ ಮೇಲೆ ಹಚ್ಚಿ ತೋರಿಸ್ತಾರೆ, ನಾವೂ ತಲೆ ಆಡಿಸಿ ತಗೊಂಡ್ ಬರ್ತೀವಿ. ಕೈ ಬಣ್ಣ ಬೇರೆ ಮುಖದ ಬಣ್ಣ ಬೇರೆ ಅಲ್ವಾ. ದವಡೆ ಹತ್ರ, ಕತ್ತು ಶುರುವಾಗೋ ಕಡೆ ಒಂದು ಗೆರೆ ಎಳ್ಕೊಂಡು ಅಂಗಡಿಯಿಂದ ಆಚೆ ಬಂದು ಬಿಸಿಲಲ್ಲಿ ನೋಡಿ, ಒಂದು ಕಾಫಿ ಕುಡ್ಕೊಂಡು ಬಂದು ಮತ್ತೆ ನೋಡಿ, ಯಾಕಂದ್ರೆ ಕೆಲವು ಫೌಂಡೇಶನ್ 10-15 ನಿಮಿಷದಲ್ಲಿ ಒಂದು ಶೇಡ್ ಕಪ್ಪಾಗ್ತವೆ. ಇನ್ನೊಂದು ಮಾತು, ನಮ್ಮಲ್ಲಿ ಎಷ್ಟೋ ಜನರ ಚರ್ಮದಲ್ಲಿ ಒಳಗೊಂದು ಹಳದಿ ಛಾಯೆ ಇರತ್ತೆ. ಬೆಳ್ಳಗೆ ಕಾಣ್ಲಿ ಅಂತ ಗುಲಾಬಿ ಛಾಯೆಯ ತಿಳಿ ಶೇಡ್ ತಗೊಂಡ್ರೆ ಬೆಳ್ಳಗೆ ಆಗಲ್ಲ, ಬೂದಿ ಆಗತ್ತೆ. ಇದನ್ನ ಹದಿನಾಲ್ಕು ವರ್ಷದಿಂದ ಹೇಳ್ತಿದ್ದೀನಿ, ಅತ್ತೆಮನೆಯವ್ರು ಮಾತ್ರ "ಸ್ವಲ್ಪ ಬೆಳ್ಳಗೆ ಮಾಡಮ್ಮ" ಅನ್ನೋದು ಬಿಟ್ಟಿಲ್ಲ.

ಅಲ್ಲೇ ಛತ್ರದಲ್ಲಿ ಮುಖ ಬೂದಿಯಾಗಿದ್ದು ಗೊತ್ತಾಯ್ತು ಅಂದ್ರೆ ಎಲ್ರೂ ಮಾಡೋದು ಒಂದೇ, ಮೇಲಿಂದ ಇನ್ನಷ್ಟು ಪೌಡರ್. ದಯವಿಟ್ಟು ಬೇಡ. ಮೇಕಪ್ ಸ್ಪಾಂಜ್ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಮುಖದ ಮೇಲೆ ಒತ್ತಿ ಒತ್ತಿ ಎತ್ತಿ. ಉಜ್ಜಬಾರ್ದು, ಚಪಾತಿ ಮೇಲಿನ ಜಾಸ್ತಿ ಎಣ್ಣೆನ ಟಿಶ್ಯೂನಲ್ಲಿ ಒತ್ತಿ ತೆಗೀತೀವಲ್ಲ ಹಾಗೆ. ಅರ್ಧ ಫೌಂಡೇಶನ್ ಸ್ಪಾಂಜಿಗೆ ಬಂದ್ಬಿಡತ್ತೆ. ಆಮೇಲೆ ಅದೇ ಸ್ಪಾಂಜಿಗೆ ಒಂದು ಹನಿ ಮಾಯಿಶ್ಚರೈಸರ್ ಹಾಕ್ಕೊಂಡು ದವಡೆಯಿಂದ ಕತ್ತಿನವರೆಗೆ ಕೆಳಗೆ ಎಳೀರಿ, ಗೆರೆ ಮಾಯ. ಕೊನೆಗೆ ಇಟ್ಟಿಗೆ ಬಣ್ಣದ ಅಥವಾ ಕೇಸರಿ ಕಡೆ ಇರೋ ಲಿಪ್‌ಸ್ಟಿಕ್‌ನ ಬೆರಳ ತುದಿಗೆ ತಾಗಿಸಿ ಕೆನ್ನೆಗೆ ತಟ್ಟಿ, ಮುಖಕ್ಕೆ ಜೀವ ಬರತ್ತೆ.

ಇನ್ನು ಫ್ಲ್ಯಾಶ್. ಸನ್‌ಸ್ಕ್ರೀನ್ ಇರೋ ಎಷ್ಟೋ ಫೌಂಡೇಶನ್‌ಗಳಲ್ಲಿ ಝಿಂಕ್ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡು ಇರತ್ತೆ, ಮೇಕಪ್ ನಿಲ್ಲಲಿ ಅಂತ ಕೊನೆಗೆ ಹಾಕೋ ಬಿಳೀ ಬಣ್ಣದ ಸೆಟ್ಟಿಂಗ್ ಪೌಡರ್‌ಗಳಲ್ಲಿ ಸಿಲಿಕಾ ಇರತ್ತೆ. ಫ್ಲ್ಯಾಶ್ ಬೆಳಕು ಬಿದ್ದಾಗ ಇವು ಬೆಳಕನ್ನ ವಾಪಸ್ ಕ್ಯಾಮೆರಾಗೇ ಎಸೀತವೆ, ಕನ್ನಡಿಯಲ್ಲಿ ಕಾಣದ ಬಿಳುಪು ಫೋಟೊದಲ್ಲಿ ಕಾಣತ್ತೆ. ನನ್ನ ಮೊದಲನೇ ಮದುಮಗಳಿಗೆ ಇದೇ ಆಯ್ತು. ರಿಸೆಪ್ಶನ್ ಆಲ್ಬಮ್‌ನಲ್ಲಿ ಮುಖ ಮಾತ್ರ ಹುಣ್ಣಿಮೆ ಚಂದ್ರ, ಕೈ ಅವಳದ್ದೇ ಕೈ, ಮೂಗಿನ ಪಕ್ಕ ಪೌಡರ್ ನಿಂತ ಕಡೆ ಎರಡು ಬಿಳೀ ಮಚ್ಚೆ. ಈಗಲೂ ಸಿಕ್ಕಿದಾಗೆಲ್ಲ ಅದನ್ನೇ ಹೇಳಿ ನಗ್ತಾಳೆ, ನಂಗೆ ನಗು ಬರಲ್ಲ. ಅವತ್ತಿಂದ ರೂಮ್ ಬಿಡೋಕೆ ಮುಂಚೆ ಲೈಟ್ ಆಫ್ ಮಾಡಿ, ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದೇ ತೆಗೀತೀನಿ. ಬಿಳುಪು ಕಂಡ್ರೆ ದೊಡ್ಡ ಬ್ರಶ್ಶಲ್ಲಿ ಪೌಡರ್ ಕೊಡವಿ, ನಿಮ್ಮ ಚರ್ಮದ ಬಣ್ಣದ್ದೇ ಕಾಂಪ್ಯಾಕ್ಟ್ ತೆಳ್ಳಗೆ ಒತ್ತಿದ್ರೆ ಸರಿಹೋಗತ್ತೆ.

ಪ್ರಶ್ನೆ: ನಾಡಿದ್ದು ಅರಿಶಿನ ಶಾಸ್ತ್ರ, ಮಾರನೇ ದಿನ ಬೆಳಿಗ್ಗೆ ಮುಹೂರ್ತ. ಅಕ್ಕನಿಗೆ ಹಳದಿ ಹೋಗದೆ ಮೇಕಪ್ ಎಲ್ಲಾ ಹಳದಿ ಹಳದಿ ಆಗಿತ್ತು. ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲಾ ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ. (ಮದುಮಗಳು, ದಾವಣಗೆರೆ)

ಉತ್ತರ: ತಿಕ್ಕಿದ್ರೆ ಹೋಗಲ್ಲಮ್ಮ, ಮುಖ ಉರಿಯತ್ತೆ ಅಷ್ಟೇ. ನಿಂಬೆಹಣ್ಣಂತೂ ಮುಖಕ್ಕೆ ಬೇಡವೇ ಬೇಡ. ಅರಿಶಿನದ ಬಣ್ಣ ನೀರಲ್ಲಿ ಕರಗೋದಿಲ್ಲ, ಎಣ್ಣೆಯಲ್ಲಿ ಕರಗತ್ತೆ. ಒಗ್ಗರಣೆಗೆ ಚಿಟಿಕೆ ಅರಿಶಿನ ಬಿದ್ದ ತಕ್ಷಣ ಎಣ್ಣೆಯೆಲ್ಲ ಹೇಗೆ ಹಳದಿಯಾಗತ್ತೆ ನೋಡಿದೀರಲ್ಲ. ಹಾಗಾಗಿ ಒಣ ಮುಖಕ್ಕೇ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ಎರಡು ಮೂರು ನಿಮಿಷ ಮೆತ್ತಗೆ ಮಾಲಿಷ್ ಮಾಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಟ್ಟೆ ಹಳದಿಯಾಗತ್ತೆ, ಹಳೇದೇ ಇರ್ಲಿ. ಇನ್ನೊಂದ್ಸಲ ಅದನ್ನೇ ಮಾಡಿ, ಆಮೇಲೆ ಫೇಸ್‌ವಾಶ್. ಹಣೆಯ ಕೂದಲಂಚು, ಕಿವಿ ಹಿಂದೆ ಮರೀಬೇಡಿ, ಹಳದಿ ಉಳಿಯೋದು ಅಲ್ಲೇ. ಯಕ್ಷಗಾನದ ಚೌಕಿಗೆ, ಅಂದ್ರೆ ಬಣ್ಣ ಹಚ್ಕೊಳ್ಳೋ ಮನೆಗೆ, ಬೆಳಗಿನ ಹೊತ್ತು ಯಾವತ್ತಾದ್ರೂ ಹೋಗಿ ನೋಡಿ, ರಾತ್ರಿಯಿಡೀ ಮುಖದ ಮೇಲಿದ್ದ ಅಷ್ಟು ದಪ್ಪ ಬಣ್ಣವನ್ನ ಕಲಾವಿದ್ರು ಕೊಬ್ಬರಿ ಎಣ್ಣೆ ಹಚ್ಚಿಯೇ ತೆಗೆಯೋದು. ಅವ್ರಿಗಿಂತ ಒಳ್ಳೇ ಗುರುಗಳು ನಮಗೆ ಬೇಕಾ.

ಇಷ್ಟಾದ್ರೂ ಸ್ವಲ್ಪ ಹಳದಿ ಉಳಿದ್ರೆ ಮೇಕಪ್ ಮಾಡೋರಿಗೆ ಮೊದಲೇ ಹೇಳಿ, ಹಳದಿನ ಮರೆಸೋ ಲ್ಯಾವೆಂಡರ್ ಬಣ್ಣದ ಕರೆಕ್ಟರ್ ಕ್ರೀಮ್ ತೆಳ್ಳಗೆ ಹಚ್ತಾರೆ. ಅಸಲಿ ಕಸ್ತೂರಿ ಅರಿಶಿನ ಆಗಿದ್ರೆ ಇಷ್ಟು ಬಣ್ಣ ಹಿಡಿಯಲ್ಲ, ಆದ್ರೆ ಆ ಹೆಸರಲ್ಲಿ ಮಾರೋದೆಲ್ಲ ಅಸಲಿ ಅಲ್ಲ.

ಪ್ರಶ್ನೆ: ಬೆಳಿಗ್ಗೆ ಕಾಡಿಗೆ ಹಚ್ಕೊಂಡು ಬಸ್ ಹತ್ತಿದ್ರೆ ಆಫೀಸ್ ತಲುಪೋ ಹೊತ್ತಿಗೆ ಕಣ್ಣ ಕೆಳಗೆಲ್ಲ ಕಪ್ಪು. "ಯಾಕೆ ಅತ್ತಿದ್ಯಾ" ಅಂತ ಕೇಳ್ತಾರೆ. ಸ್ಮಜ್ ಪ್ರೂಫ್ ಅಂತ ಬರೆದಿರೋದನ್ನೇ ತಗೊಂಡಿದ್ದು. (ಓದುಗಿ, ಮಂಗಳೂರು)

ಉತ್ತರ: ಮಂಗಳೂರಿನ ಸೆಕೆಗೆ ಯಾವ ಕಂಪನಿ ಕಾಡಿಗೆಯೂ ಪೂರ್ತಿ ನಿಲ್ಲಲ್ಲ, ಅದನ್ನ ಮೊದ್ಲು ಒಪ್ಕೊಳ್ಳಿ. ಆದ್ರೆ ತಪ್ಪು ಬರೀ ಕಾಡಿಗೇದಲ್ಲ. ಕಣ್ಣ ಕೆಳಗೆ ಕ್ರೀಮ್ ಹಚ್ಚಿ, ಅದು ಆರೋಕೆ ಮುಂಚೆನೇ ಕಾಡಿಗೆ ಎಳೀತೀವಿ. ಕಾಡಿಗೆಯಲ್ಲಿರೋದು ಮೇಣ ಮತ್ತು ಎಣ್ಣೆ, ಕ್ರೀಮಿನ ಜಿಡ್ಡು ತಾಗಿದ್ರೆ ಜಾರದೆ ಏನ್ಮಾಡತ್ತೆ. ಕಣ್ಣ ಕೆಳಗಿನ ಜಿಡ್ಡನ್ನ ಟಿಶ್ಯೂನಲ್ಲಿ ಒತ್ತಿ ತೆಗೆದು, ಸಣ್ಣ ಬ್ರಶ್ಶಲ್ಲಿ ಚೂರೇ ಚೂರು ಪೌಡರ್ ಹಾಕಿ, ಆಮೇಲೆ ಕಾಡಿಗೆ. ಎಳೆದ ಗೆರೆ ಮೇಲೆ, ರೆಪ್ಪೆ ಬುಡದ ಆಚೆ ಕಡೆಗೆ, ಕಪ್ಪು ಅಥವಾ ಕಂದು ಐಶ್ಯಾಡೋ ಪುಡಿನ ಒತ್ತಿದ್ರೆ ಮೇಣ ಕೂತ್ಕೊಳ್ಳತ್ತೆ. ಕಣ್ಣೊಳಗೆ ಪುಡಿ ಹೋಗಬಾರ್ದು. ಮೂಗಿನ ಕಡೆಯ ಮೂಲೆನ ಖಾಲಿ ಬಿಡಿ, ಕಣ್ಣೀರು ಸೇರೋದು ಅಲ್ಲೇ.

ಹರಡಿದ ಮೇಲೆ ಏನ್ಮಾಡೋದು ಅಂದ್ರೆ, ಕರ್ಚೀಫಿಗೆ ಎಂಜಲು ಮುಟ್ಟಿಸಿ ಒರೆಸೋ ನಮ್ಮಜ್ಜಿ ಪದ್ಧತಿ ಬೇಡ. ಕಿವಿಗೆ ಹಾಕೋ ಇಯರ್‌ಬಡ್ಡು ನಾಲ್ಕು ಬ್ಯಾಗಲ್ಲಿ ಇಟ್ಕೊಳ್ಳಿ, ತುದಿಗೆ ಅಕ್ಕಿಕಾಳಿನಷ್ಟು ಮಾಯಿಶ್ಚರೈಸರ್. ಕಪ್ಪಾದ ಜಾಗದಲ್ಲಿ ಬಡ್‌ನ ಉರುಳಿಸ್ಕೊಂಡು ಹೋಗಿ, ಎಳೆದ್ರೆ ಇನ್ನೂ ಹರಡತ್ತೆ. ಒಣ ತುದಿಯಿಂದ ಜಿಡ್ಡು ತೆಗೆದು ಮೇಲೆ ಸ್ವಲ್ಪ ಕಾಂಪ್ಯಾಕ್ಟ್. ಬಸ್‌ಸ್ಟಾಪಲ್ಲೇ ಆಗೋ ಕೆಲಸ. ಇದೇ ಕಪ್ಪು ಮಸ್ಕಾರಾದ್ದಾಗಿದ್ರೆ ಮಾತ್ರ ಉಲ್ಟಾ, ತಕ್ಷಣ ಮುಟ್ಟಬೇಡಿ, ಪೂರ್ತಿ ಒಣಗಲಿ, ಆಮೇಲೆ ಒಣ ಬಡ್ಡಲ್ಲಿ ಕೆರೆದ್ರೆ ಚೂರಾಗಿ ಉದುರತ್ತೆ.

ಪ್ರಶ್ನೆ: ಐಲೈನರ್ ಒಂದು ಕಣ್ಣಿಗೆ ಸಣ್ಣ, ಇನ್ನೊಂದಕ್ಕೆ ದಪ್ಪ. ಸರಿ ಮಾಡೋಕೆ ಹೋಗಿ ಎರಡೂ ಹೆಬ್ಬೆರಳು ಗಾತ್ರ ಆಗ್ತವೆ. (ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಸಣ್ಣದನ್ನ ದಪ್ಪ ಮಾಡ್ಬೇಡಿ, ದಪ್ಪದ್ದನ್ನ ಕೊರೀರಿ. ಮೇಕಪ್ ರಿಮೂವರ್‌ನಲ್ಲಿ ಅದ್ದಿ ಹಿಂಡಿದ ಬಡ್‌ನಿಂದ ಕೆಳಗಿಂದ ಮೇಲಕ್ಕೆ, ಹುಬ್ಬಿನ ಕೊನೆ ಕಡೆಗೆ ಒಂದೇ ಎಳೆತ. ಮತ್ತೆ, ಯಾರ ಎರಡು ಕಣ್ಣೂ ಒಂದೇ ತರ ಇರಲ್ಲ, ಒಂದು ಮೊಳ ದೂರದಿಂದ ಸಮ ಕಂಡ್ರೆ ಮುಗೀತು.

ಪ್ರಶ್ನೆ: ಸನ್‌ಸ್ಕ್ರೀನ್ ಮೇಲೆ ಫೌಂಡೇಶನ್ ಹಚ್ಚಿದ್ರೆ ರಬ್ಬರ್ ಉಜ್ಜಿದ ಹಾಗೆ ಉಂಡೆ ಉಂಡೆ ಬರತ್ತೆ. ಯಾವುದು ಡೂಪ್ಲಿಕೇಟ್ ಇರಬಹುದು? (ಓದುಗಿ, ಬೆಂಗಳೂರು)

ಉತ್ತರ: ಎರಡೂ ಅಸಲಿಯೇ ಇರಬಹುದು, ಎರಡಕ್ಕೂ ಆಗಿಬರಲ್ಲ ಅಷ್ಟೇ, ಜಾತಕ ಕೂಡದ ಹಾಗೆ. ಒಂದು ನೀರಿನ ಬೇಸ್, ಇನ್ನೊಂದು ಸಿಲಿಕೋನ್ ಬೇಸ್ ಆಗಿದ್ರೆ ಹೀಗಾಗತ್ತೆ, ಕೆಳಗಿನದ್ದು ಆರೋಕೆ ಮುಂಚೆ ಉಜ್ಜಿದ್ರೂ ಆಗತ್ತೆ. ಮಾಯಿಶ್ಚರೈಸರ್, ಸೀರಮ್ಮು, ಪ್ರೈಮರ್ರು ಅಂತ ಐದು ಪದರ ಹಚ್ಚೋರಿಗೆ ಇದು ಜಾಸ್ತಿ. ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಸೀರೆ ಉಡಿ, ತಿಂಡಿ ತಿನ್ನಿ, ಆಮೇಲೆ ಫೌಂಡೇಶನ್‌ನ ತಟ್ಟಿ ಹಚ್ಚಿ. ಉಂಡೆ ಆಗೇಬಿಟ್ರೆ ಆ ಜಾಗ ಮಾತ್ರ ಒದ್ದೆ ಹತ್ತಿಯಲ್ಲಿ ಪೂರ್ತಿ ತೆಗೆದು ಸನ್‌ಸ್ಕ್ರೀನಿಂದಾನೇ ಮತ್ತೆ ಶುರು ಮಾಡಿ.

ಪ್ರಶ್ನೆ: ಲಿಪ್‌ಸ್ಟಿಕ್ ಹಲ್ಲಿಗೆ ಅಂಟತ್ತೆ. (ಶಿಕ್ಷಕಿ, ಗದಗ)

ಉತ್ತರ: ಹಚ್ಚಿದ ತಕ್ಷಣ ತೋರುಬೆರಳನ್ನ ಬಾಯಲ್ಲಿಟ್ಟು ತುಟಿ ಮುಚ್ಚಿ ನಿಧಾನಕ್ಕೆ ಹೊರಗೆಳೀರಿ. ಹಲ್ಲಿಗೆ ಹೋಗ್ಬೇಕಾಗಿದ್ದದ್ದು ಬೆರಳಿಗೆ ಬರತ್ತೆ. ಕೈ ತೊಳ್ಕೊಂಡಿರಬೇಕು ಮತ್ತೆ.

ಪ್ರಶ್ನೆ: ರೇಷ್ಮೆ ಸೀರೆ ಸೆರಗಿಗೆ ಫೌಂಡೇಶನ್ ಮೆತ್ಕೊಂಡಿದೆ. ಅಮ್ಮನ ಸೀರೆ, ಅವ್ರಿಗಿನ್ನೂ ಹೇಳಿಲ್ಲ. (ಹೆಸರು ಬೇಡ, ಮೈಸೂರು)

ಉತ್ತರ: ಅಯ್ಯೋ. ನೀರು ಹಾಕಿ ಉಜ್ಜಿಲ್ಲ ತಾನೆ? ಉಜ್ಜಿದ್ರೆ ಕಲೆ ಒಳಗೆ ಇಳಿಯತ್ತೆ, ರೇಷ್ಮೆ ಮೇಲೆ ನೀರಿನ ಗುರುತೂ ನಿಲ್ಲತ್ತೆ. ಚಮಚದ ಹಿಂಬದಿಯಿಂದ ಮೇಲಿರೋದನ್ನ ಮೆಲ್ಲಗೆ ಎತ್ತಿ, ಸಾದಾ ಟಾಲ್ಕಂ ಪೌಡರ್ ಉದುರಿಸಿ ಒಂದೆರಡು ಗಂಟೆ ಬಿಡಿ, ಜಿಡ್ಡು ಹೀರತ್ತೆ, ಕೊಡವಿ. ಉಳಿದದ್ದು ಡ್ರೈಕ್ಲೀನಿಂಗ್‌ನವರ ಕೆಲಸ, ಕಲೆ ಯಾವುದರದ್ದು ಅಂತ ಅವ್ರಿಗೆ ಬಾಯಿಬಿಟ್ಟು ಹೇಳಿ. ಅಮ್ಮನಿಗೂ ಹೇಳ್ಬಿಡಿ, ಅವ್ರಿಗೆ ಗೊತ್ತಾಗದೇ ಇರತ್ತಾ.

ಪ್ರಶ್ನೆ: ಸ್ಟಿಕರ್ ಬಿಂದಿ ಇಡೋ ಜಾಗದಲ್ಲಿ ಮೊದ್ಲು ತುರಿಕೆ ಬರ್ತಿತ್ತು, ಈಗ ಬಿಳೀ ಚುಕ್ಕೆ ಆಗಿದೆ. ಯಾವ ಕನ್ಸೀಲರ್ ಹಚ್ಚಿದ್ರೆ ಮುಚ್ಚತ್ತೆ? (ಗೃಹಿಣಿ, ರಾಯಚೂರು)

ಉತ್ತರ: ಇದಕ್ಕೆ ನನ್ನ ಹತ್ರ ಕನ್ಸೀಲರ್ ಇಲ್ಲ. ಕೆಲವು ಸ್ಟಿಕರ್‌ಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಅನ್ನೋ ರಾಸಾಯನಿಕ ಇರತ್ತೆ, ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನೇ ಅದು ಹಾಳು ಮಾಡತ್ತೆ. ಅದರಿಂದಾನೇ ಆಗಿದ್ಯಾ ಬೇರೆ ಏನಾದ್ರೂನಾ ಅಂತ ಚರ್ಮದ ಡಾಕ್ಟರೇ ನೋಡಿ ಹೇಳ್ಬೇಕು. ಸ್ಟಿಕರ್ ಇವತ್ತೇ ನಿಲ್ಲಿಸಿ, ತೋರಿಸೋವರೆಗೂ ಆ ಜಾಗಕ್ಕೆ ಕುಂಕುಮವೂ ಬೇಡ, ಮೇಕಪ್ಪೂ ಬೇಡ. ಹಣೆ ಖಾಲಿ ಬಿಡಬಾರ್ದು ಅಂತ ಯಾರಾದ್ರೂ ಅಂದ್ರೆ ನನ್ನ ಹೆಸರು ಹೇಳಿ. ಈ ವಾರದಲ್ಲೇ ಹೋಗಿ ಬನ್ನಿ.

ಪ್ರಶ್ನೆ: ಮಸ್ಕಾರಾ ಗಟ್ಟಿಯಾಗಿದೆ, ರೋಸ್‌ವಾಟರ್ ಹಾಕಿದ್ರೆ ಸರಿಹೋಗತ್ತೆ ಅಂತಾರೆ. ಕಾಂಪ್ಯಾಕ್ಟ್ ಬೇರೆ ಬಿದ್ದು ಪುಡಿ ಆಗಿದೆ. (ಓದುಗಿ, ಶಿವಮೊಗ್ಗ)

ಉತ್ತರ: ಮಸ್ಕಾರಾನ ಎಸೀರಿ. ತೆರೆದು ಮೂರ್ನಾಲ್ಕು ತಿಂಗಳಾದ್ರೆ ಅದರ ಕಥೆ ಮುಗೀತು, ನೀರು ಬೆರೆಸಿದ್ರೆ ಕ್ರಿಮಿಗಳಿಗೆ ಔತಣ, ಆಮೇಲೆ ಕಣ್ಣು ಕೆಂಪಾಗಿ ಕೂತ್ಕೊಳ್ಳೋದು ನೀವು. ಕಾಂಪ್ಯಾಕ್ಟ್ ಉಳಿಯತ್ತೆ. ಪೂರ್ತಿ ಪುಡಿ ಮಾಡಿ, ಮೆಡಿಕಲ್ ಶಾಪಿನ ಸ್ಪಿರಿಟ್ ಕೆಲವು ಹನಿ ಹಾಕಿ ಒದ್ದೆ ಮಣ್ಣಿನ ಹದಕ್ಕೆ ತನ್ನಿ, ಟಿಶ್ಯೂ ಇಟ್ಟು ನಾಣ್ಯದಿಂದ ಒತ್ತಿ, ಮುಚ್ಚಳ ತೆಗೆದಿಟ್ಟು ರಾತ್ರಿಯಿಡೀ ಒಣಗಿಸಿ. ಒಲೆ, ದೀಪ ಯಾವುದೂ ಹತ್ರ ಇರಬಾರ್ದು.

ಪ್ರಶ್ನೆ: ನಾನು ಮದುಮಗ. ಫೋಟೊಗ್ರಾಫರ್ ಹೇಳಿದ್ರು ಅಂತ ಪ್ರಿವೆಡ್ಡಿಂಗ್ ಶೂಟಿಗೆ ಸ್ವಲ್ಪ ಮೇಕಪ್ ಮಾಡಿಸ್ಕೊಂಡೆ, ಗಡ್ಡದಲ್ಲೆಲ್ಲ ಹಿಟ್ಟು ಹಿಡಿದ ಹಾಗಾಯ್ತು. ಗೆಳೆಯರು ಗಿರಣಿ ಮಾಲೀಕ ಅಂತ ಕರೀತಿದ್ದಾರೆ. (ಹಾಸನ)

ಉತ್ತರ: ಗಡ್ಡ ಇರೋ ಕಡೆ ಫೌಂಡೇಶನ್ ಹಚ್ಚೋದೇ ತಪ್ಪು, ಮಾಡಿದವ್ರು ಅವಸರದಲ್ಲಿದ್ರು ಅನ್ಸತ್ತೆ. ಹಣೆ, ಮೂಗು, ಕಣ್ಣ ಕೆಳಗೆ ಇಷ್ಟಕ್ಕೆ ಸಾಕು. ಮದುವೆ ದಿನ ಮತ್ತೆ ಹಾಗಾದ್ರೆ ಗಾಬರಿ ಬೇಡ, ಟೂತ್‌ಬ್ರಶ್‌ನ ಒಂಚೂರು ಒದ್ದೆ ಮಾಡಿ ಗಡ್ಡ ಬೆಳೆದ ದಿಕ್ಕಿಗೇ ಬಾಚಿ, ಆಮೇಲೆ ಒಂದೇ ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಉಜ್ಜಿ ಗಡ್ಡಕ್ಕೆ ಸವರಿದ್ರೆ ಬಿಳುಪೆಲ್ಲ ಮಾಯ. ಟೂತ್‌ಬ್ರಶ್ ಹೊಸದಾಗಿರಬೇಕು ಅಂತ ಬೇರೆ ಹೇಳ್ಬೇಕಾ?