ಹೊಸ ಕೌನ್ಸೆಲರ್ ಮುಂದೆ ಕೈಕಟ್ಟಿ ಕೂರಬೇಡಿ

ಪತ್ರ: ಎರಡು ವರ್ಷ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗುತ್ತಿದ್ದೆ. ಅವರು ಊರು ಬಿಟ್ಟರು. ಈಗ ಹೊಸಬರ ಹತ್ತಿರ ಹೋಗಬೇಕು. ಮತ್ತೆ ಮೊದಲಿಂದ ಎಲ್ಲ ಹೇಳಬೇಕಾ? ಮೊದಲ ದಿನ ಏನೇನು ಕೇಳುತ್ತಾರೆ? ನಾನೇ ಅವರನ್ನು ಏನಾದರೂ ಕೇಳಿದರೆ ತಪ್ಪು ತಿಳಿಯಲ್ವಾ? ನಮ್ಮ ಅತ್ತೆಯವರಂತೂ ‘ಮನೇಲಿ ದೊಡ್ಡವರಿಲ್ವಾ, ದುಡ್ಡು ಕೊಟ್ಟು ಯಾಕೆ ಹೇಳ್ಕೋಬೇಕು’ ಅಂತಾರೆ.
– ಹೆಸರು ಬೇಡ ಎಂದಿರುವ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು ‘ಕೇಳಿದರೆ ತಪ್ಪು ತಿಳಿಯಲ್ವಾ’ ಅನ್ನುವಲ್ಲಿ. ಬೇಜಾರಾಯಿತು, ಸ್ವಲ್ಪ ಸಿಟ್ಟೂ ಬಂತು. ದುಡ್ಡು ನಿಮ್ಮದು, ನೋವು ನಿಮ್ಮದು, ಹೇಳಿಕೊಳ್ಳುವ ಬದುಕೂ ನಿಮ್ಮದು. ಹೆದರಿಕೆಯೂ ನಿಮ್ಮದೇ ಆಗಬೇಕಾ?

ಅತ್ತೆಯವರ ಮಾತು ಪೂರ್ತಿ ತಪ್ಪು ಅಂತ ಹೇಳುವುದಿಲ್ಲ. ದೊಡ್ಡವರ ಮುಂದೆ ಮನಸ್ಸು ಬಿಚ್ಚಿ ಹಗುರಾದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸಂಕಟ ಮನೆಯವರ ಬಗ್ಗೆಯೇ ಇದ್ದರೆ ಅದನ್ನು ಮನೆಯಲ್ಲಿ ಯಾರ ಹತ್ತಿರ ಹೇಳುವುದು?

ಇನ್ನು ಮೊದಲ ದಿನ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅದರಲ್ಲಿ ಜಾಸ್ತಿ ಪಾಲು ವಿಚಾರಿಸುವುದರಲ್ಲೇ ಹೋಗುತ್ತದೆ. ಒಂದು ಫಾರಂ ತುಂಬಿಸುತ್ತಾರೆ. ನಿದ್ದೆ ಹೇಗಿದೆ, ಊಟ ಸೇರುತ್ತದಾ, ಮಾತ್ರೆ ಏನಾದರೂ ನಡೆಯುತ್ತಿದೆಯಾ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುತ್ತಾರೆ. ಸಾಯಬೇಕು ಅಂತ ಎಂದಾದರೂ ಅನಿಸಿದೆಯಾ ಎಂದೂ ನೇರವಾಗಿ ಕೇಳಬಹುದು. ಗಾಬರಿಯಾಗಬೇಡಿ, ಅದು ಕೇಳಲೇಬೇಕಾದ ಪ್ರಶ್ನೆ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ‘ಹೀಗೆ ಮಾಡಿ, ಹಾಗೆ ಮಾಡಿ’ ಅಂತ ಬುದ್ಧಿ ಹೇಳಿ ಕಳಿಸುತ್ತಾರೆ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಕೆಲವರಿಗೆ ಮನೆಗೆ ಬಂದ ಮೇಲೆ ಮನಸ್ಸು ಇನ್ನೂ ಭಾರವಾಗುತ್ತದೆ, ಅಳು ಬರುತ್ತದೆ. ಆದ್ದರಿಂದ ಆ ಸಂಜೆ ನೆಂಟರ ಮನೆ, ಮದುವೆ ಅಂತ ಏನೂ ಇಟ್ಟುಕೊಳ್ಳಬೇಡಿ.

ಹಳೆಯದನ್ನೆಲ್ಲ ಒಂದೂ ಬಿಡದೆ ಹೇಳಬೇಕಾಗಿಲ್ಲ. ಈಗ ಎಲ್ಲಿ ನೋಯುತ್ತಿದೆಯೋ ಅಲ್ಲಿಂದ ಶುರುಮಾಡಿ. ‘ಇದನ್ನು ಇವತ್ತು ಹೇಳೋಕಾಗಲ್ಲ’ ಅಂದರೂ ನಡೆಯುತ್ತದೆ. ಹಿಂದಿನವರು ಫೋನಿಗೆ ಸಿಗುವುದಾದರೆ ಒಂದು ಪುಟದ ಟಿಪ್ಪಣಿ ಬರೆದುಕೊಡಿ ಅಂತ ಕೇಳಿ.

ನನ್ನ ಸ್ನೇಹಿತರೊಬ್ಬರು ಕಾಲೇಜಿನಲ್ಲಿ ಪಾಠ ಮಾಡುವವರು. ಅವರು ಮೊದಲು ಹೋದ ಕೌನ್ಸೆಲರ್ ಪೂರ್ತಿ ಹೊತ್ತು ತಮ್ಮ ಧ್ಯಾನ ಶಿಬಿರದ ವಿಷಯವನ್ನೇ ಹೇಳಿದರಂತೆ. ಇವರು ತಲೆಯಾಡಿಸಿ, ಫೀಸು ಕೊಟ್ಟು, ಮುಂದಿನ ವಾರವೂ ಹೋದರು. ತಿಂಗಳುಗಟ್ಟಲೆ ಹೋದರು! ಯಾಕೆ ಸರ್ ಅಂದರೆ, ‘ಓದಿಕೊಂಡವರಿಗೆ ಹೇಗಪ್ಪಾ ಹೇಳೋದು’ ಅಂದರು. ಆಮೇಲೆ ಸಿಕ್ಕ ಹೆಣ್ಣುಮಗಳು ಮೊದಲ ದಿನವೇ ಒಂದು ಬಿಳಿ ಹಾಳೆ ಮುಂದಿಟ್ಟು ಇವರ ಮನೆತನದ ಚಿತ್ರ ಬರೆದರಂತೆ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು, ತೀರಿಹೋದವರ ಮೇಲೆ ಒಂದು ಅಡ್ಡಗೀಟು. ಅಪ್ಪ, ಚಿಕ್ಕಪ್ಪ, ಅಣ್ಣ, ಸಾಲಾಗಿ ಮೂರು ಚೌಕಕ್ಕೆ ಗೀಟು ಬಿತ್ತು. ‘ಇವರಲ್ಲಿ ಯಾರ ಬಗ್ಗೆ ನೀವು ಮಾತಾಡೋದೇ ಇಲ್ಲ?’ ಅಂತ ಆಕೆ ಕೇಳಿದರು. ಅಣ್ಣ ಹೋದ ಮೇಲೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಅಂತ ನನ್ನ ಸ್ನೇಹಿತರು ಹೇಳಿದರು.

ಹಾಗಾಗಿ ಕೇಳಿ. ಏನು ಓದಿದ್ದೀರಿ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ವಾರಕ್ಕೊಮ್ಮೆ ಬರಬೇಕಾ, ಬರಲಾಗದಿದ್ದರೆ ಫೀಸು ಹೋಗುತ್ತದಾ, ಕನ್ನಡದಲ್ಲೇ ಮಾತಾಡಬಹುದಾ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ನಂಬರ್ ಕೇಳುವುದು ತಪ್ಪಲ್ಲ. ಬರೀ ‘ಕೌನ್ಸೆಲರ್’ ಅಂತ ಬೋರ್ಡು ಇದ್ದರೆ ಇನ್ನೂ ಹುಷಾರಾಗಿ ಕೇಳಿ. ನಾಲ್ಕು ದಿನದ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ನಾನು ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ ಅಂತಲೂ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಪಾಡಿಸಿಕೊಳ್ಳುವ ಹಕ್ಕು ನಿಮಗಿದೆ. ಜೀವಕ್ಕೆ ಅಪಾಯ ಇದೆ ಅನ್ನುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅವರು ಬೇರೆಯವರಿಗೆ ಹೇಳಬಹುದು. ಯಾವಾಗ, ಯಾರಿಗೆ ಅನ್ನುವುದನ್ನು ಮೊದಲ ದಿನವೇ ಬಿಡಿಸಿ ಕೇಳಿಕೊಳ್ಳಿ.

ಇದು ಬರೀ ಹಕ್ಕಿನ ಮಾತಲ್ಲ. ಎಡ್ವರ್ಡ್ ಬಾರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ಬರೆದಿದ್ದಾರೆ. ಯಾವ ಕಡೆ ಹೋಗಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ, ಹೇಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವೆ ನಂಬಿಕೆ. ಈ ಮೂರು ಕೂಡಿದರೆ ಕೆಲಸ ಸಾಗುತ್ತದೆ. ಆಮೇಲೆ ನಡೆದ ಅಧ್ಯಯನಗಳೂ ಈ ಹೊಂದಾಣಿಕೆಗೂ ಗುಣವಾಗುವುದಕ್ಕೂ ನಂಟಿದೆ ಅಂತಲೇ ಹೇಳುತ್ತಾ ಬಂದಿವೆ. ನೀವು ಬಾಯೇ ಬಿಡದಿದ್ದರೆ ಒಪ್ಪಿಗೆ ಎಲ್ಲಿಂದ ಬರಬೇಕು? ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅವರು ನಿಮಗೆ ಆಗಿಬರುವವರಲ್ಲ. ಮೂರ್ನಾಲ್ಕು ಸಲ ಹೋದಮೇಲೂ ಸರಿಹೋಗದಿದ್ದರೆ ಅವರಿಗೇ ಹೇಳಿ, ಬೇರೆ ಯಾರಾದರೂ ಇದ್ದಾರಾ ಅಂತ ಅವರನ್ನೇ ಕೇಳಿ. ಒಳ್ಳೆಯವರಾದರೆ ಹೆಸರು ಕೊಟ್ಟು ಕಳಿಸುತ್ತಾರೆ.

ಆದರೆ ನೀವು ಹೆದರುವುದರಲ್ಲಿ ನಿಮ್ಮ ತಪ್ಪೇನಿದೆ? ಶಾಲೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರಿಗೆ ‘ಕೂತ್ಕೋ’ ಅಂದರು. ಡಾಕ್ಟರು ಚೀಟಿ ಗೀಚಿಕೊಟ್ಟರೆ ಯಾವ ಮಾತ್ರೆ ಯಾಕೆ ಅಂತ ನಾವು ಕೇಳುವುದು ಮೆಡಿಕಲ್ ಸ್ಟೋರಿನ ಹುಡುಗನನ್ನು! ಈ ಅಂಜಿಕೆ ನಮ್ಮ ಮೈಗೇ ಹತ್ತಿಬಿಟ್ಟಿದೆ. ಅದರ ಮೇಲೆ ಇಂಗ್ಲಿಷ್ ಬೇರೆ. ನಿಮ್ಹಾನ್ಸ್ ಇರುವುದು ನಮ್ಮ ಬೆಂಗಳೂರಿನಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ಹಾಗಿದ್ದೂ ಇದೇ ಬೆಂಗಳೂರಿನಲ್ಲಿ ಎಷ್ಟೋ ಖಾಸಗಿ ಕೌನ್ಸೆಲಿಂಗ್ ಸೆಂಟರುಗಳಲ್ಲಿ ಮೊದಲ ಫಾರಮ್ಮೇ ಇಂಗ್ಲಿಷಿನಲ್ಲಿ. ಗಂಡ ಹೊಡೆದದ್ದನ್ನು, ಮಗು ಹೋದದ್ದನ್ನು ಬರದ ಭಾಷೆಯಲ್ಲಿ ತಡವರಿಸಿ ಹೇಳಬೇಕಾ?

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆ ಇರುವ 100 ಜನರಲ್ಲಿ 85 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರಬೇಕು ಅಂತ ಮಾಡಿದ್ದು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆ, ವಿಚಾರಿಸಿ ನೋಡಿ. ಜಾತ್ರೆಗೆ, ಜಯಂತಿಗೆ ಊರು ತುಂಬಾ ಫ್ಲೆಕ್ಸ್ ಕಟ್ಟುವ ನಮಗೆ ಇದಕ್ಕೊಂದು ಬೋರ್ಡು ಬರೆಸಲು ಆಗುವುದಿಲ್ಲ.

ಹೊಸಬರ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗಿ, ರಾತ್ರಿಗಳು ಕಷ್ಟವಾದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.